ವಿತರಣೆ ಅನ್ನಬೇಡಿ, ಮಾನ್ಯತೆ ಅನ್ನಿ: ಉತ್ತರ ಕನ್ನಡದ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲೆಯ ಸಂಸದರು, ಶಾಸಕರು, ಪಂಚಾಯ್ತಿ ಸದಸ್ಯರು ಮತ್ತು ಮುಂದೆ ಆ ಕುರ್ಚಿಗೆ ಬರಬೇಕೆಂದಿರುವ ಎಲ್ಲರಿಗೂ,

ನಮಸ್ಕಾರ.

ನಾನು ಅಂಕೋಲಾ ತಾಲೂಕಿನವನು. ಮೂವತ್ತೊಂದು ವರ್ಷ ಪಿಯು ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಕಲಿಸಿದ್ದೇನೆ. ಜಾಸ್ತಿ ವರ್ಷ ಶಿರಸಿಯಲ್ಲಿ, ಕೊನೆಯ ಕೆಲವು ವರ್ಷ ಕಾರವಾರದಲ್ಲಿ. ಈಗ ನಿವೃತ್ತನಾಗಿ ಊರಲ್ಲಿದ್ದೇನೆ. ಅರ್ಜಿ ಬರೆದುಕೊಡಿ ಎಂದು ಜನ ಮನೆಗೆ ಬರುತ್ತಾರೆ. ಬರೆದುಕೊಡುತ್ತೇನೆ. ಈ ಪತ್ರವೂ ಅಂಥ ಒಂದು ಅರ್ಜಿಯಿಂದಲೇ ಹುಟ್ಟಿದ್ದು.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ಒಂದು ಸಭಾಭವನದಲ್ಲಿ ಕಾರ್ಯಕ್ರಮ ಇತ್ತು. ವೇದಿಕೆಯ ಹಿಂದೆ ಉದ್ದಕ್ಕೂ ಬ್ಯಾನರ್: ‘ಅರಣ್ಯ ಹಕ್ಕುಪತ್ರ ವಿತರಣಾ ಸಮಾರಂಭ’. ನಮ್ಮ ಊರಿನ ಪಕ್ಕದ ಕೊಪ್ಪದಲ್ಲಿ, ಅಂದರೆ ಹಾಲಕ್ಕಿ ಸಮುದಾಯದವರ ಕೇರಿಯಲ್ಲಿ, ಇರುವ ಅಜ್ಜಿಯೊಬ್ಬರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಅವರ ಅರ್ಜಿ ತುಂಬಿಕೊಟ್ಟವನು ನಾನು. ಕೊರಳ ತುಂಬ ಕರಿಮಣಿ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಆ ಚೀಲದಲ್ಲಿ ಏನೇನಿತ್ತು ಎಂದು ನನಗೆ ಗೊತ್ತು. ರೇಷನ್ ಕಾರ್ಡು, ಒಂದು ಹಳೆಯ ಮನೆಪಟ್ಟಿ, ಕಾಡಿನ ಜಾಗ ಒತ್ತುವರಿ ಮಾಡಿದ್ದಕ್ಕೆಂದು ಅವರ ಗಂಡ ಎಂದೋ ಕಟ್ಟಿದ ದಂಡದ ರಸೀದಿ. ರಸೀದಿ ಮಡಚಿದ ಕಡೆಯೆಲ್ಲ ಹರಿದಿತ್ತು. ಹಿಂದಿನಿಂದ ಗಮ್‌ಟೇಪ್ ಅಂಟಿಸಿದ್ದರು. ಆ ನೆಲದಲ್ಲಿ ತಮ್ಮವರು ಮೊದಲಿಂದ ಇದ್ದರು ಅನ್ನುವುದಕ್ಕೆ ಆ ದಂಡದ ಚೀಟಿಯೇ ಅವರ ಬಳಿ ಇದ್ದ ದೊಡ್ಡ ಸಾಕ್ಷಿ.

ಹೆಸರು ಕರೆದರು. ಅಜ್ಜಿ ಚಪ್ಪಲಿ ಕೆಳಗೆ ಬಿಟ್ಟು ವೇದಿಕೆ ಹತ್ತಿದರು. ಕಾಗದ ಕೈಗೆ ಬಂದ ಕೂಡಲೇ ಬಗ್ಗಿ ಅತಿಥಿಗಳ ಕಾಲು ಮುಟ್ಟಿದರು. ಆಮೇಲೆ ಭಾಷಣ. ಸರ್ಕಾರ ನಿಮಗೆ ಹಕ್ಕು ಕೊಟ್ಟಿದೆ, ಈ ಉಪಕಾರ ಮರೆಯಬೇಡಿ, ಎಂಬ ಧಾಟಿ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ನನ್ನನ್ನು ಮೆಲ್ಲಗೆ ಕೇಳಿದರು: “ಮಾಸ್ತರ್ರೇ, ಇದ ಮತ್ತೆ ವಾಪಸ್ ಕೇಳೂದಿಲ್ಲ ಅಲ್ಲ?”

ಇಲ್ಲ ಎಂದೆ. ಆದರೆ ಹೇಳುವಾಗ ನನ್ನ ದನಿಯಲ್ಲಿ ಧೈರ್ಯ ಇರಲಿಲ್ಲ. ಕೊಟ್ಟವರು ಕೊಟ್ಟದ್ದನ್ನು ವಾಪಸ್ ಕೇಳಬಹುದು, ಅದು ಲೋಕರೂಢಿ. ಅಜ್ಜಿಗೆ ಆ ಅನುಮಾನ ಹುಟ್ಟಿಸಿದ್ದು ಬ್ಯಾನರಿನ ಮಾತು, ಭಾಷಣದ ಮಾತು.

ಕಾನೂನು ಆ ಮಾತು ಆಡುವುದಿಲ್ಲ. ದಯವಿಟ್ಟು ಒಮ್ಮೆ 2006ರ ಅರಣ್ಯ ಹಕ್ಕು ಕಾಯ್ದೆಯ ಹೆಸರು ಪೂರ್ತಿ ಓದಿ. ಅದರಲ್ಲಿರುವ ಶಬ್ದ ‘ಅರಣ್ಯ ಹಕ್ಕುಗಳ ಮಾನ್ಯತೆ’. ವಿತರಣೆ ಅಲ್ಲ, ಮಂಜೂರಿ ಅಲ್ಲ. ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರ ಹಕ್ಕು ದಾಖಲೆಗೆ ಸೇರಲೇ ಇಲ್ಲ, ಅವರಿಗೆ ಚಾರಿತ್ರಿಕ ಅನ್ಯಾಯ ಆಗಿದೆ ಎಂದು ಪೀಠಿಕೆಯಲ್ಲಿ ಪಾರ್ಲಿಮೆಂಟೇ ಒಪ್ಪಿಕೊಂಡಿದೆ. ಅಂದರೆ ಹಕ್ಕು ಮೊದಲೇ ಇತ್ತು, ಸರ್ಕಾರ ಅದನ್ನು ತಡವಾಗಿ ಗುರುತಿಸಿತು ಎಂದರ್ಥ. ಅಲ್ವಾ?

ಒಂದು ಶಬ್ದಕ್ಕೆ ಇಷ್ಟೇಕೆ ಜಗ್ಗಾಟ ಎಂದು ನಿಮಗೆ ಅನ್ನಿಸಬಹುದು. ಆದರೆ ಹಕ್ಕು ಮೊದಲೋ ಸರ್ಕಾರ ಮೊದಲೋ ಎಂಬ ಪ್ರಶ್ನೆಗೆ ಜನ ಕೊಡುವ ಉತ್ತರ ಬೇರೆ ಬೇರೆ ಆಗಿರುವುದರಿಂದಲೇ ನಮ್ಮ ಜಿಲ್ಲೆಯ ಅರ್ಧ ಜಗಳ ಹುಟ್ಟುತ್ತದೆ ಎಂದು ನಾನು ನಂಬಿದ್ದೇನೆ. ಬಂದರು, ಬೆಟ್ಟ, ಅಣೆಕಟ್ಟು, ಅತಿಕ್ರಮಣ, ಮೀನುಗಾರಿಕೆ, ಯಾವುದೇ ತೆಗೆದುಕೊಳ್ಳಿ. ನಾವು ಪಕ್ಷದ ಹೆಸರಿನಲ್ಲಿ ಬೈದಾಡುತ್ತೇವೆ. ಬೇರು ಅದಕ್ಕಿಂತ ಆಳದಲ್ಲಿದೆ. ಯುರೋಪಿನ ಚಿಂತಕರಾದ ಹಾಬ್ಸ್, ಲಾಕ್, ರೂಸೋ ಎಂದು ಐದು ಮಾರ್ಕಿನ ಉತ್ತರಕ್ಕಾಗಿ ಮಕ್ಕಳಿಗೆ ನಾನು ಬಾಯಿಪಾಠ ಮಾಡಿಸಿದ್ದು ಇದನ್ನೇ. ಇದು ನಮ್ಮ ಕಡಲ ದಂಡೆಯ ಮಾತು ಎಂದು ಅವರಿಗೆ ಆಗ ತೋರಿಸಿಕೊಡಲಿಲ್ಲ. ಈಗ ಅದನ್ನು ನಿಮಗೆ ಬರೆಯುತ್ತಿದ್ದೇನೆ.

ಥಾಮಸ್ ಹಾಬ್ಸ್ ತನ್ನ ದೊಡ್ಡ ಪುಸ್ತಕ ಹೊರತಂದದ್ದು 1651ರಲ್ಲಿ. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆದಿತ್ತು. 1649ರಲ್ಲಿ ರಾಜನ ತಲೆಯನ್ನೇ ಕಡಿದಿದ್ದರು. ಅದನ್ನೆಲ್ಲ ಕಂಡ ಮನುಷ್ಯನಿಗೆ ಎಲ್ಲಕ್ಕಿಂತ ದೊಡ್ಡ ಭಯ ಅರಾಜಕತೆ. ಸರ್ಕಾರ ಇಲ್ಲದ ಕಡೆ ಎಲ್ಲರಿಗೂ ಎಲ್ಲದರ ಮೇಲೂ ಹಕ್ಕಿರುತ್ತದೆ, ಅದಕ್ಕೇ ಯಾರಿಗೂ ಯಾವುದೂ ದಕ್ಕುವುದಿಲ್ಲ ಎಂದ. ಬದುಕು ಒಂಟಿ, ದರಿದ್ರ, ಅಸಹ್ಯ, ಕ್ರೂರ, ಮೇಲಾಗಿ ಅಲ್ಪಾಯುಷ್ಯದ್ದು. ಆದ್ದರಿಂದ ಜನ ತಮ್ಮ ಹಕ್ಕನ್ನು ಒಬ್ಬ ಬಲಿಷ್ಠನಿಗೆ ಒಪ್ಪಿಸಿ ಜೀವ ಉಳಿಸಿಕೊಳ್ಳುತ್ತಾರೆ. ಆಮೇಲೆ ನಿನ್ನದು ಯಾವುದು, ನನ್ನದು ಯಾವುದು ಎಂದು ಅವನು ಹೇಳಿದ್ದೇ ಹೌದು.

ನಮ್ಮಲ್ಲಿ ಇದಕ್ಕೆ ಸಾವಿರಾರು ವರ್ಷದ ಹಿಂದೆಯೇ ಹೆಸರಿತ್ತು: ಮತ್ಸ್ಯನ್ಯಾಯ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ನ್ಯಾಯ. ಅದರಿಂದ ಬೇಸತ್ತ ಜನ ಮನುವನ್ನು ರಾಜನಾಗಿ ಮಾಡಿಕೊಂಡರು, ಧಾನ್ಯದಲ್ಲಿ ಆರನೇ ಒಂದು ಪಾಲು, ಸರಕಿನಲ್ಲಿ ಹತ್ತನೇ ಒಂದು ಪಾಲು ಕೊಡುತ್ತೇವೆಂದು ಒಪ್ಪಿದರು ಎಂದು ಕೌಟಿಲ್ಯ ಹೇಳುತ್ತಾನೆ. ಬೌದ್ಧರ ಅಗ್ಗಞ್ಞ ಸುತ್ತದಲ್ಲೂ ಇಂಥದೇ ಕತೆ ಬರುತ್ತದೆ. ಗದ್ದೆಗೆ ಗಡಿ ಹಾಕಿಕೊಂಡ ಜನರಲ್ಲಿ ಕಳವು ಶುರುವಾಗುತ್ತದೆ. ಆಗ ಎಲ್ಲರೂ ಸೇರಿ ತಮ್ಮಲ್ಲೇ ಯೋಗ್ಯನಾದ ಒಬ್ಬನನ್ನು ಆರಿಸುತ್ತಾರೆ, ಅವನಿಗೆ ಅಕ್ಕಿಯಲ್ಲಿ ಪಾಲು ಕೊಡುತ್ತಾರೆ. ಅವನ ಹೆಸರು ಮಹಾಸಮ್ಮತ, ಎಲ್ಲರೂ ಸಮ್ಮತಿಸಿದವನು. ಎರಡೂ ಕತೆಯಲ್ಲಿ ರಾಜ ಬಂದದ್ದು ಜನರ ನಂತರ. ಈ ಕತೆಗಳನ್ನು ನಾನು ಪಾಠದಲ್ಲಿ ಹೇಳಲಿಲ್ಲವಲ್ಲ ಎಂದು ಈಗ ಬೇಸರವಾಗುತ್ತದೆ.

ಹಾಬ್ಸ್ ಹೇಳಿದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಯಾಕೆಂದು ತಿಳಿಯಬೇಕಾದರೆ ನಮ್ಮ ಸಮುದ್ರ ನೋಡಬೇಕು.

ನಾನು ಹುಡುಗನಾಗಿದ್ದಾಗ ದಂಡೆಯಲ್ಲಿ ರಂಪಣಿ ಎಳೆಯುವುದನ್ನು ನೋಡಿದ್ದೇನೆ. ಬೆಳಗಿನ ಜಾವ ದೋಣಿಯವರು ಬಲೆಯನ್ನು ಅರ್ಧ ಚಂದ್ರದ ಹಾಗೆ ಬಿಟ್ಟು ಬರುತ್ತಿದ್ದರು. ಆಮೇಲೆ ದಂಡೆಯ ಎರಡೂ ಕಡೆ ಹಗ್ಗ ಹಿಡಿದು ಜನ ಎಳೆಯಬೇಕು. ಅದಕ್ಕೆ ಹತ್ತಾರು ಕೈ ಬೇಕು. ಮೀನುಗಾರರಷ್ಟೇ ಅಲ್ಲ, ಗದ್ದೆ ಕೆಲಸಕ್ಕೆ ಹೊರಟವರೂ ಬಂದು ಕೈ ಹಚ್ಚುತ್ತಿದ್ದರು. ಬಲೆ ಹತ್ತಿರ ಬಂದ ಹಾಗೆ ನೀರು ಬೆಳ್ಳಗೆ ಕುದಿಯುತ್ತಿತ್ತು. ಬಂಗುಡೆ, ತಾರ್ಲೆ. ಮೀನು ಮರಳಿಗೆ ಬಿದ್ದ ಮೇಲೆ ಪಾಲು. ಬಲೆಯವರಿಗೆ ಇಷ್ಟು, ದೋಣಿಗೆ ಇಷ್ಟು, ದೇವರಿಗೆ ಇಷ್ಟು, ಹಗ್ಗ ಹಿಡಿದವರಿಗೆಲ್ಲ ಇಷ್ಟು. ನಾನೂ ಒಂದು ದಿನ ಹಗ್ಗದ ತುದಿ ಹಿಡಿದಿದ್ದೆ. ಎಂಟು ವರ್ಷ ಇರಬೇಕು. ಒಬ್ಬರು ನನ್ನ ಅಂಗಿಯ ಮಡಿಲಿಗೆ ನಾಲ್ಕು ಬಂಗುಡೆ ಹಾಕಿದರು. ‘ತಕೋ, ನಿಂದು’ ಅಂದರು. ‘ಕೊಡ್ತೆ’ ಅನ್ನಲಿಲ್ಲ. ಆ ಎರಡು ಮಾತಿನ ನಡುವಿನ ವ್ಯತ್ಯಾಸ ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಆಮೇಲೆ ಯಾಂತ್ರಿಕ ದೋಣಿ ಬಂದವು. ಟ್ರಾಲರ್, ಪರ್ಸೀನ್. ದಂಡೆಗೆ ಬರಬೇಕಾದ ಮೀನು ಆಳದಲ್ಲೇ ಬಲೆಗೆ ಬಿತ್ತು. ರಂಪಣಿ ಸೊರಗಿತು. ರಾತ್ರಿ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದೂ ಶುರುವಾಯಿತು. ಸಮುದ್ರಕ್ಕೆ ಬೇಲಿ ಇಲ್ಲ, ಬಲ ಇದ್ದವನು ಬಾಚಿಕೊಂಡ. ಇದು ಶುದ್ಧ ಮತ್ಸ್ಯನ್ಯಾಯವೇ. ಇದಕ್ಕೆ ತಡೆ ಹಾಕುವವರು ಯಾರು? ಸರ್ಕಾರವೇ ಹಾಕಬೇಕು, ಹಾಕಿದೆ ಕೂಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವುದರಿಂದ ಮೀನಿಗೆ ಮರಿ ಮಾಡಲು ಸ್ವಲ್ಪ ಸಮಯ ಸಿಗುತ್ತದೆ. ದೀಪದ ಮೀನುಗಾರಿಕೆಗೆ 2017ರಲ್ಲಿ ಕೇಂದ್ರ ಸರ್ಕಾರ ನಿಷೇಧ ಹಾಕಿತು. ಜಾರಿ ಎಷ್ಟು ಬಿಗಿಯಾಗಿದೆ ಎಂದು ಸಣ್ಣ ದೋಣಿಯವರನ್ನು ಕೇಳಿ. ‘ಗಟ್ಟಿ ಸರ್ಕಾರ ಬೇಕು’ ಎಂದು ಅವರು ಹೇಳುವಾಗ ಅವರ ಮಾತಿನಲ್ಲಿ ಹಾಬ್ಸ್ ಇದ್ದಾನೆ. ಅವರಿಗೆ ದರ್ಪ ಇಷ್ಟ ಅಂತ ಅರ್ಥ ಅಲ್ಲ, ಸಣ್ಣ ಮೀನಿಗೆ ಕಾವಲು ಬೇಕು.

ಆದರೆ ಒಂದು ವಿಷಯ ಮರೆಯಬಾರದು. ಅಷ್ಟು ಬಲಿಷ್ಠ ಸರ್ಕಾರ ಬೇಕೆಂದ ಹಾಬ್ಸ್ ಕೂಡ, ನಿನ್ನ ಜೀವ ತೆಗೆಯಲು ಬಂದವನನ್ನು ತಡೆಯುವ ಹಕ್ಕನ್ನು ನೀನು ಯಾರಿಗೂ ಬಿಟ್ಟುಕೊಡಲು ಆಗುವುದಿಲ್ಲ ಎಂದಿದ್ದ. ಅವನೂ ಪೂರ್ತಿ ಬಿಟ್ಟುಕೊಡಲಿಲ್ಲ.

ಜಾನ್ ಲಾಕ್ ಬರೆದದ್ದು ಅದಾದ ಸುಮಾರು ನಲವತ್ತು ವರ್ಷದ ಮೇಲೆ, ಅವನ ಪುಸ್ತಕ ಹೊರಬಂದದ್ದು 1689ರಲ್ಲಿ. ಜೀವ, ಸ್ವಾತಂತ್ರ್ಯ, ಆಸ್ತಿ, ಇವು ಸರ್ಕಾರಕ್ಕಿಂತ ಮೊದಲಿನವು ಎಂದು ಅವನು ವಾದಿಸಿದ. ಆಸ್ತಿ ಹೇಗೆ ಹುಟ್ಟುತ್ತದೆ ಎಂದು ಹೇಳಲು ಅವನು ಕೊಡುವ ಉದಾಹರಣೆ ಓದಿದರೆ ನಮ್ಮ ಹಿತ್ತಲಲ್ಲೇ ನಿಂತು ಮಾತಾಡಿದ ಹಾಗಿದೆ. ಒರತೆಯ ನೀರು ಎಲ್ಲರದ್ದು, ಆದರೆ ಕೊಡದಲ್ಲಿ ತುಂಬಿಕೊಂಡ ನೀರು ತುಂಬಿಕೊಂಡವರದ್ದು. ಸಮುದ್ರ ಎಲ್ಲರದ್ದು, ಆದರೆ ಹಿಡಿದ ಮೀನು ಹಿಡಿದವನದ್ದು. ದುಡಿಮೆ ಸೇರಿದ್ದರಿಂದ ಅದು ಅವನದಾಯಿತು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ಹಿಂದೆ ಇರುವುದು ಇದೇ ತರ್ಕ. ಈ ಜಿಲ್ಲೆಯ ಗೇಣಿದಾರರ ಪರ ನಿಂತದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರು ಮಾಡಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಾಗ ನನ್ನ ಅಜ್ಜ, ಗೇಣಿ ಗದ್ದೆಯನ್ನು ತಮ್ಮ ಹೆಸರಿಗೆ ಕೇಳುವ ಏಳನೇ ನಂಬರ್ ಫಾರಂ ತುಂಬಿಸಿದರು. ತುಂಬಿಸುವಾಗ ಅವರ ಕೈ ನಡುಗುತ್ತಿತ್ತಂತೆ. ಒಡೆಯರ ಮನೆಗೆ ಹೋಗಿ ಮೊದಲು ಹೇಳಿ ಬಂದಿದ್ದರಂತೆ, ‘ನಾನು ಫಾರಂ ಹಾಕ್ತೆ, ಸಿಟ್ಟಾಗಬೇಡಿ’ ಎಂದು. ಒಡೆಯರೂ ದೊಡ್ಡ ಜಮೀನ್ದಾರರಲ್ಲ. ವಿಧವೆ ತಾಯಿ, ಇಬ್ಬರು ಮಕ್ಕಳು, ಎರಡೂವರೆ ಎಕರೆ ಗದ್ದೆ. ಅದು ಅವರ ಹಿರಿಯರು ದುಡಿದು ಮಾಡಿದ ಆಸ್ತಿ. ಅವರು ಅತ್ತರು. ಹತ್ತಿರ ಹತ್ತಿರದ ಆ ಎರಡು ಮನೆಯವರೂ ಲಾಕ್‌ನ ಮಾತನ್ನೇ ಹಿಡಿದು ನಿಂತಿದ್ದರು. ಒಬ್ಬರು ಅಂದು ಹಾಕಿದ ದುಡಿಮೆಯನ್ನು ತೋರಿಸುತ್ತಿದ್ದರು, ಇನ್ನೊಬ್ಬರು ಇಂದು ಹಾಕುತ್ತಿರುವ ದುಡಿಮೆಯನ್ನು. ನಾನು ಗೇಣಿದಾರನ ಮೊಮ್ಮಗ. ನನ್ನ ಮನಸ್ಸು ಯಾವ ಕಡೆ ಎಂದು ಹೇಳಬೇಕಾಗಿಲ್ಲ. ಆದರೆ ಆ ತಾಯಿಯ ಅಳು ಸುಳ್ಳು ಎಂದು ನಾನು ಯಾವತ್ತೂ ಹೇಳಿಲ್ಲ. ಆಸ್ತಿಯ ಹಕ್ಕು ಆಗ ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿತು. ಆ ತೀರ್ಮಾನದ ಬಗ್ಗೆ ದೇಶ ಇವತ್ತಿಗೂ ಎರಡಾಗಿ ಮಾತಾಡುತ್ತದೆ.

ಲಾಕ್‌ಗೆ ಇನ್ನೊಂದು ಮುಖ ಇದೆ, ಅದನ್ನೂ ಹೇಳಬೇಕು. ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನ ಷೇರು ಇದ್ದವು. ಅಮೆರಿಕದ ಮೂಲನಿವಾಸಿಗಳ ನೆಲ ಅವನ ಕಣ್ಣಿಗೆ ಬೇಲಿ ಇಲ್ಲದ, ಉಳುಮೆ ಇಲ್ಲದ ಪಾಳು. ದುಡಿಮೆ ಎಂದರೆ ಇಂಗ್ಲಿಷ್ ರೈತನ ನೇಗಿಲು ಮಾತ್ರ. ಬೇಟೆ, ಸೊಪ್ಪು, ಜೇನು, ಸುಟ್ಟು ಬಿತ್ತಿ ಮುಂದೆ ಹೋಗುವ ಬೇಸಾಯ, ಇವು ಲೆಕ್ಕಕ್ಕಿಲ್ಲ. ಇಂಥದೇ ನೋಟ ಬ್ರಿಟಿಷರ ಜೊತೆ ನಮ್ಮ ಘಟ್ಟಕ್ಕೂ ಹತ್ತಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1879ರಲ್ಲಿ ಭಾಸ್ಕರಪ್ಪ ಎಂಬವರು ನಮ್ಮ ಜಿಲ್ಲೆಯ ಕಲೆಕ್ಟರ್ ವಿರುದ್ಧ ಹೂಡಿದ್ದ ದಾವೆಯ ತೀರ್ಪನ್ನು ಮುಂಬಯಿ ಹೈಕೋರ್ಟ್ ಕೊಟ್ಟಿತು. ಕುಮ್ರಿ ಕಾಡಿನ, ಅಂದರೆ ಸುಟ್ಟು ಬಿತ್ತುವ ಕಾಡಿನ, ಮೇಲೆ ವರ್ಗದಾರನಿಗೆ (ಕಂದಾಯ ಕಟ್ಟುವ ಜಮೀನುದಾರನಿಗೆ) ಹಕ್ಕಿದೆಯೋ ಇಲ್ಲವೋ ಎಂಬ ದಾವೆ ಅದು. ಸರ್ಕಾರ ಗೆದ್ದಿತು. ಕಾಡಿನ ಮೇಲಿನ ಹಕ್ಕನ್ನು ದಾಖಲೆಯಿಂದ ತೋರಿಸುವ ಹೊಣೆ ಜನರ ಹೆಗಲಿಗೆ ಬಿತ್ತು. ನಮ್ಮ ಅಜ್ಜಿಯ ಚೀಲದ ದಂಡದ ರಸೀದಿ ಅಲ್ಲಿಂದ ಹೊರಟ ದಾರಿಯಲ್ಲೇ ಬಂದದ್ದು.

ರೂಸೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಬೇಲಿ ಹಾಕಿ ‘ಇದು ನನ್ನದು’ ಎಂದವನನ್ನು ನಂಬಿದ್ದೇ ಮನುಷ್ಯರ ಕಷ್ಟಕ್ಕೆಲ್ಲ ಮೂಲ ಎಂದು 1755ರಲ್ಲಿ ಅವನು ಬರೆದ. 1762ರಲ್ಲಿ, ಎಲ್ಲರ ಒಟ್ಟು ಹಿತದ ಇಚ್ಛೆಯೇ ಒಡೆಯ ಎಂದ. ‘ದೇಶದ ಹಿತಕ್ಕಾಗಿ ನಿಮ್ಮ ಊರು ಬಿಟ್ಟುಕೊಡಿ’ ಎಂಬ ಮಾತು ಎಲ್ಲಿ ಕೇಳಿದರೂ ನನಗೆ ಅವನ ನೆನಪಾಗುತ್ತದೆ. ಆ ಮಾತು ಈ ಜಿಲ್ಲೆ ಕೇಳಿದಷ್ಟು ಬೇರೆಯವರು ಕೇಳಿರಲಿಕ್ಕಿಲ್ಲ. ಸೂಪಾ, ಕದ್ರಾ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ. ಕಾರವಾರ ಮತ್ತು ಅಂಕೋಲೆಯ ಕಡಲಂಚಿನ ಕುಟುಂಬಗಳು ನೌಕಾನೆಲೆಗೆ ಜಾಗ ಬಿಟ್ಟವು. 1986ರಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯಿತು. ದೇಶಕ್ಕೆ ನೌಕಾನೆಲೆ ಬೇಕಿತ್ತು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಹೆಚ್ಚಿನ ಪರಿಹಾರಕ್ಕಾಗಿ ಆ ಜನ ವರ್ಷಗಟ್ಟಲೆ ಕೋರ್ಟು ಹತ್ತಿ ಇಳಿದರು. ಅರ್ಜಿ ಹಾಕಿದವನು ತೀರಿಕೊಂಡು ಮಗ ಕಟಕಟೆಗೆ ಹೋದದ್ದುಂಟು. ಅವರ ಹಕ್ಕು ಸರ್ಕಾರ ಕೊಟ್ಟದ್ದಾದರೆ ಪರಿಹಾರ ಎಂಬುದು ದಯೆ, ಯಾವಾಗ ಕೊಟ್ಟರೂ ನಡೆಯುತ್ತದೆ. ಹಕ್ಕು ಸರ್ಕಾರಕ್ಕಿಂತ ಮೊದಲಿನದ್ದಾದರೆ ಪರಿಹಾರ ಸಾಲ. ಸಾಲವನ್ನು ಮೂವತ್ತು ವರ್ಷ ತಡ ಮಾಡಿ ತೀರಿಸುವವರನ್ನು ನಮ್ಮೂರಲ್ಲಿ ಏನೆಂದು ಕರೆಯುತ್ತಾರೆ ಎಂದು ನಿಮಗೆ ಗೊತ್ತು. ಇವತ್ತು ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಬೇಡ ಎನ್ನುವ ಮೀನುಗಾರರ ಸಿಟ್ಟಿನ ಒಳಗೆ ಈ ಹಳೆಯ ಬಾಕಿಯ ನೆನಪೂ ಇದೆ.

ಇನ್ನು ಘಟ್ಟದ ಮೇಲೆ ಬನ್ನಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರ ಮಾತಿನ ಧಾಟಿ ಬೇರೆ. ಸೊಪ್ಪಿನ ಬೆಟ್ಟದ ಬಗ್ಗೆ ಅವರನ್ನು ಕೇಳಿ. ‘ಮನುಷ್ಯನಾಗಿ ಹುಟ್ಟಿದ್ದಕ್ಕೆ ನನಗೆ ಹಕ್ಕಿದೆ’ ಎಂದು ಅವರು ಹೇಳುವುದಿಲ್ಲ. ‘ಅಜ್ಜನ ಕಾಲದಿಂದ ತೋಟದ ಜೊತೆ ಬಂದದ್ದು’ ಎನ್ನುತ್ತಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಅದರ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಇದು ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್‌ನ ದಾರಿ. ಫ್ರಾನ್ಸಿನ ಕ್ರಾಂತಿಯವರು 1789ರಲ್ಲಿ ಮನುಷ್ಯನ ಹಕ್ಕುಗಳನ್ನು ಘೋಷಿಸಿದಾಗ, ಮರುವರ್ಷವೇ ಬರ್ಕ್ ಅದನ್ನು ವಿರೋಧಿಸಿ ಬರೆದ. ಹಕ್ಕು ಎಂದರೆ ಗಾಳಿಯಲ್ಲಿ ತೇಲುವ ತತ್ವ ಅಲ್ಲ, ಹಿರಿಯರಿಂದ ಬಂದ ಪಿತ್ರಾರ್ಜಿತ, ಅದನ್ನು ಮಕ್ಕಳಿಗೆ ದಾಟಿಸಬೇಕು ಎಂದ. ನನಗೆ ಈ ಮಾತಿನಲ್ಲಿ ಒಂದು ಸತ್ವ ಕಾಣುತ್ತದೆ. ಬೆಟ್ಟ ನೋಡಿಕೊಂಡವರು ಅದನ್ನು ಬೋಳು ಮಾಡಿದರೆ ಮರುವರ್ಷದ ಗೊಬ್ಬರಕ್ಕೆ ಸೊಪ್ಪಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದಾಗ ಅವರ ಮನಸ್ಸಿನಲ್ಲಿ ಇದ್ದದ್ದೂ ಈ ದಾಟಿಸುವ ಚಿಂತೆಯೇ. ಆದರೆ ಬ್ರಿಟಿಷರ ಕಡತದಲ್ಲಿ ಬೆಟ್ಟಕ್ಕೆ ಇದ್ದ ಶಬ್ದ ಹಕ್ಕು ಅಲ್ಲ, ‘ಪ್ರಿವಿಲೇಜ್’. ಸವಲತ್ತು. ಸವಲತ್ತು ಎಂದರೆ ಕೊಟ್ಟವರ ಮರ್ಜಿ. ಶಬ್ದದ ಜಗಳ ಆಗಲೂ ಇತ್ತು ನೋಡಿ.

ಬರ್ಕ್‌ನ ದಾರಿಗೂ ಒಂದು ಮಿತಿ ಇದೆ. ಹಿರಿಯರಿಂದ ಏನಾದರೂ ಬಂದವರಿಗೆ ಅದು ಸರಿ. ಏನೂ ಬಾರದವರಿಗೆ? ತೋಟದವನ ಮನೆಯಲ್ಲಿ ಕಾಗದ ಇದೆ, ತೋಟದಲ್ಲಿ ಅಡಿಕೆ ಕೊನೆ ಕೊಯ್ದವನ ಬಳಿ ಕಾಗದ ಇಲ್ಲ. ಘಟ್ಟದ ಸಿದ್ದಿ ಸಮುದಾಯದವರನ್ನು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಹಾಲಕ್ಕಿಯವರು ಇನ್ನೂ ಪಟ್ಟಿಯ ಹೊರಗಿದ್ದಾರೆ. ಹೀಗಾಗಿ ಅರಣ್ಯ ಹಕ್ಕಿಗೆ ಅವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಓದು ಬರಹ ಬಾರದ ಅಜ್ಜಿ ತನ್ನ ಮಾವನ ಅಪ್ಪನ ದಾಖಲೆ ಎಲ್ಲಿಂದ ತರುತ್ತಾರೆ?

ಇಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಬರುತ್ತಾನೆ. ಹಕ್ಕು ಎಂದರೆ ಕಾನೂನು ಕೊಟ್ಟದ್ದು, ಬೇರೆ ಯಾವುದೂ ಅಲ್ಲ ಎಂದವನು. ನೈಸರ್ಗಿಕ ಹಕ್ಕು, ಕಸಿಯಲಾಗದ ಹಕ್ಕು ಎಂಬುದೆಲ್ಲ ಮರಗಾಲು ಕಟ್ಟಿಕೊಂಡ ಅರ್ಥವಿಲ್ಲದ ಮಾತು ಎಂದು ಅವನು ಬರೆದ. ಕಚೇರಿಯಲ್ಲಿ ‘ದಾಖಲೆ ಎಲ್ಲಿದೆ?’ ಎಂದು ಕೇಳುವ ಪ್ರತಿಯೊಬ್ಬ ಅಧಿಕಾರಿಯೂ ಗೊತ್ತಿಲ್ಲದೆ ಅವನ ಶಿಷ್ಯನೇ. ಅಧಿಕಾರಿಗಳನ್ನು ನಾನು ದೂರುವುದಿಲ್ಲ. ಕಾಗದ ಇಲ್ಲದೆ ಕಚೇರಿ ನಡೆಯುವುದಿಲ್ಲ, ನಿಜ. ಆದರೆ ಬೆಂಥಮ್‌ನ ದಾರಿಯ ಕೊನೆಗೆ ಏನಿದೆ ಎಂದು ಈ ದೇಶ ಒಮ್ಮೆ ನೋಡಿದೆ.

1976. ತುರ್ತು ಪರಿಸ್ಥಿತಿ. ವಿಚಾರಣೆ ಇಲ್ಲದೆ ಜನರನ್ನು ಜೈಲಿಗೆ ಹಾಕಿದ್ದರು. ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದ್ದ ಪ್ರಶ್ನೆ ಸರಳವಾಗಿತ್ತು: ಜೀವದ ಹಕ್ಕು ಹೇಳುವ 21ನೇ ವಿಧಿಯ ಜಾರಿ ನಿಂತಿರುವಾಗ, ಬಂಧನ ತಪ್ಪು ಎಂದು ಕೋರ್ಟಿಗೆ ಹೋಗಬಹುದೇ? ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್‌ರನ್ನು ಕೇಳಿದರು. ಪೊಲೀಸಿನವನು ಒಬ್ಬನ ಜೀವವನ್ನೇ ಕಾನೂನು ಮೀರಿ ತೆಗೆದರೂ ಪರಿಹಾರ ಇಲ್ಲವೇ? ಇಲ್ಲ ಎಂಬುದೇ ಸರ್ಕಾರದ ಉತ್ತರದ ಸಾರ. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಕಡೆ ಹೋದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಸಂವಿಧಾನ ಬರುವ ಮೊದಲೂ ಯಾರೂ ಕಾನೂನಿಲ್ಲದೆ ಇನ್ನೊಬ್ಬರ ಜೀವ ತೆಗೆಯುವಂತಿರಲಿಲ್ಲ ಎಂದರು. ಮುಂದೆ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರ ಕೈತಪ್ಪಿತು. ಆ ಭಿನ್ನ ತೀರ್ಪನ್ನು ತರಗತಿಯಲ್ಲಿ ಓದಿ ಹೇಳುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು.

ಖನ್ನಾ ಹೇಳಿದ್ದು ಗೆಲ್ಲಲು 41 ವರ್ಷ ಬೇಕಾಯಿತು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಎಡಿಎಂ ಜಬಲ್ಪುರ ತೀರ್ಪನ್ನು ಬದಿಗೆ ಸರಿಸಿದರು. ಜೀವ ಮತ್ತು ಸ್ವಾತಂತ್ರ್ಯವನ್ನು ಸಂವಿಧಾನ ಸೃಷ್ಟಿಸಿಲ್ಲ, ಮನುಷ್ಯನಲ್ಲಿ ಮೊದಲೇ ಇರುವುದನ್ನು ಅದು ಗುರುತಿಸಿದೆ ಎಂದು ಆ ತೀರ್ಪು ಹೇಳಿತು. ಅದನ್ನು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ತಂದೆ 1976ರಲ್ಲಿ ಆ ನಾಲ್ವರಲ್ಲಿ ಒಬ್ಬರಾಗಿದ್ದರು. ಗುರುತಿಸಿದೆ. ಮಾನ್ಯತೆ. ಅದೇ ಶಬ್ದ, ಅಲ್ವಾ? ಜೀವಕ್ಕೂ ಅದೇ, ಅಜ್ಜಿಯ ಅರ್ಧ ಎಕರೆಗೂ ಅದೇ. ‘ಹಕ್ಕು’ ಎಂಬ ನಮ್ಮ ದಿನಬಳಕೆಯ ಮಾತು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಇದೆ. ಸತ್ಯವನ್ನು ಒಪ್ಪಿಕೊಳ್ಳಬಹುದು, ಹಂಚಲು ಬರುವುದಿಲ್ಲ.

ಹಾಗಂತ ಹಕ್ಕಿಗೆ ಮಿತಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿತ್ತು. ನಮ್ಮದೇ ತಾಲೂಕು. ಆ ಮಣ್ಣಿನ ವಾಸನೆ, ಗಂಗಾವಳಿಯಲ್ಲಿ ದಿನಗಟ್ಟಲೆ ನಡೆದ ಹುಡುಕಾಟ ನಾವ್ಯಾರೂ ಮರೆಯುವುದಿಲ್ಲ. ಗುಡ್ಡ ಕಡಿಯುವಾಗ, ಕಾಡು ಸವರುವಾಗ, ಸಮುದ್ರ ಬಾಚುವಾಗ ಯಾರಾದರೂ ಇಷ್ಟೇ ಸಾಕು ಎನ್ನಲೇಬೇಕು. ಲಾಕ್ ಕೂಡ ಅದನ್ನು ಹೇಳಿದ್ದ. ನೀನು ತೆಗೆದುಕೋ, ಆದರೆ ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಕೊಳೆತು ಹಾಳಾಗುವಷ್ಟು ಬಾಚಬೇಡ. ಐಸ್ ಇಲ್ಲದ ಕಾಲದ ದಂಡೆಯಲ್ಲಿ ಈ ನಿಯಮ ತಾನೇ ನಡೆಯುತ್ತಿತ್ತು. ಉಪ್ಪು ಹಾಕಿ ಒಣಗಿಸಿದ್ದು ಹೋಗಿ ಮಿಕ್ಕ ತಾರ್ಲೆ ತೆಂಗಿನ ಬುಡಕ್ಕೆ ಗೊಬ್ಬರ. ಅದಕ್ಕಿಂತ ಹೆಚ್ಚು ಹಿಡಿದು ಮಾಡುವುದೇನಿತ್ತು? ಈಗ ಐಸ್ ಇದೆ, ಮೀನಿನ ಹಿಟ್ಟಿನ, ಎಣ್ಣೆಯ ಕಾರ್ಖಾನೆ ಇದೆ. ಎಷ್ಟು ಬಾಚಿದರೂ ಕೊಳೆಯುವುದಿಲ್ಲ, ಎಲ್ಲ ದುಡ್ಡಾಗುತ್ತದೆ. ಆ ಮಿತಿಯನ್ನು ಈಗ ನೀವೇ ಹಾಕಬೇಕು. ಹಾಕುವಾಗ ದೊಡ್ಡ ಬಲೆಗೂ ಸಣ್ಣ ಬಲೆಗೂ ಒಂದೇ ನ್ಯಾಯ ಇರಲಿ. ಗುಡ್ಡ ಕಡಿಯುವ ಯಂತ್ರಕ್ಕೂ ಅಜ್ಜಿಯ ಗುದ್ದಲಿಗೂ ಒಂದೇ ನ್ಯಾಯ ಇರಲಿ.

ನಿಮ್ಮ ಕೆಲಸಕ್ಕೆ ನಮ್ಮ ಕಡೆ ಒಂದು ಒಳ್ಳೆಯ ಶಬ್ದ ಇದೆ: ಮೊಕ್ತೇಸರ. ಊರ ದೇವಸ್ಥಾನದ ಮೊಕ್ತೇಸರನ ಕೈಯಲ್ಲಿ ದೇವರ ಆಭರಣದ ಪೆಟ್ಟಿಗೆಯ ಕೀಲಿ ಇರುತ್ತದೆ. ತೇರಿನ ದಿನ ಅವನೇ ತೆಗೆದು ಕೊಡುತ್ತಾನೆ. ಊರು ಅವನಿಗೆ ಮರ್ಯಾದೆ ಕೊಡುತ್ತದೆ. ಆದರೆ ಆಭರಣ ಅವನದ್ದಲ್ಲ, ಲೆಕ್ಕ ತಪ್ಪಿದರೆ ಊರು ಸೇರಿ ಕೀಲಿ ತೆಗೆದುಕೊಳ್ಳುತ್ತದೆ. ಸರ್ಕಾರ ಎಂದರೆ ಜನ ನಂಬಿ ಒಪ್ಪಿಸಿದ ಹೊಣೆ ಎಂದು ಲಾಕ್ ಹೇಳಿದ್ದೂ ಇದನ್ನೇ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿದ್ದು, ಆಮೇಲೆ ಅಂಕೋಲೆ ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಎಂದು ಮನೆ ಜಮೀನು ಕಳೆದುಕೊಂಡದ್ದು ಆ ಲೆಕ್ಕ ಕೇಳುವ ಕೆಲಸವೇ ಆಗಿತ್ತು. ಸಮುದ್ರ ಮತ್ತು ಬಿಸಿಲು ಸೇರಿ ಮಾಡುವ ಉಪ್ಪಿಗೆ ಯಾರ ಪರವಾನಗಿ ಬೇಕು ಎಂದು ಅವರು ಕೇಳಿದರು.

ಹೀಗಾಗಿ ನನ್ನ ವಿನಂತಿ. ಮುಂದಿನ ಸಮಾರಂಭದ ಬ್ಯಾನರಿನಲ್ಲಿ ‘ವಿತರಣೆ’ ತೆಗೆದು ‘ಮಾನ್ಯತೆ’ ಬರೆಸಿ. ಖರ್ಚೇನೂ ಜಾಸ್ತಿ ಆಗುವುದಿಲ್ಲ. ಭಾಷಣದಲ್ಲಿ ‘ಕೊಟ್ಟಿದ್ದೇವೆ’ ಬದಲು ‘ಒಪ್ಪಿಕೊಂಡಿದ್ದೇವೆ, ತಡವಾಯಿತು’ ಎನ್ನಿ. ಮನೆ, ಬಾವಿ, ಕಟ್ಟಿದ ಒಡ್ಡು, ಸಮತಟ್ಟು ಮಾಡಿದ ನೆಲ, ಊರ ಹಿರಿಯರ ಹೇಳಿಕೆ, ಇವೂ ಸಾಕ್ಷ್ಯ ಎಂದು ಕಾಯ್ದೆಯ ನಿಯಮಗಳೇ ಹೇಳುತ್ತವೆ. ದುಡಿಮೆಯನ್ನೇ ದಾಖಲೆ ಎಂದು ಒಪ್ಪುವ ನಿಯಮ ಅದು. ನಿಮ್ಮ ಸಮಿತಿಗಳಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ. ಅರ್ಜಿ ತಿರಸ್ಕಾರವಾದರೆ ಕಾರಣ ಬರೆದು ಕೈಗೆ ಕೊಡಿಸಿ, ಮೇಲ್ಮನವಿಗೆ 60 ದಿನ ಇದೆ ಎಂದು ತಿಳಿಸಿ. 2019ರ ಫೆಬ್ರವರಿ 13ರಂದು, ತಿರಸ್ಕಾರವಾದವರನ್ನು ಒಕ್ಕಲೆಬ್ಬಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ, ಫೆಬ್ರವರಿ 28ಕ್ಕೆ ತಡೆ ಸಿಗುವವರೆಗೆ ನಮ್ಮ ಕೊಪ್ಪಗಳಲ್ಲಿ ಜನ ನಿದ್ದೆ ಮಾಡಲಿಲ್ಲ. ತಮ್ಮ ಅರ್ಜಿ ಯಾವ ಕಾರಣಕ್ಕೆ ಬಿದ್ದಿದೆ ಎಂದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಮಾತು. ಮುಂದಿನ ಸಲ ಹೆಸರು ಕರೆದಾಗ ಯಾರಾದರೂ ಅಜ್ಜಿ ವೇದಿಕೆ ಹತ್ತಿ ನಿಮ್ಮ ಕಾಲಿಗೆ ಬಗ್ಗಿದರೆ ತಡೆಯಿರಿ. ಚಪ್ಪಲಿ ಹಾಕಿಕೊಂಡೇ ಬರಲು ಹೇಳಿ. ಕಾಗದ ಕೈಗಿಟ್ಟು, ನಮ್ಮ ದಂಡೆಯವರು ಅನ್ನುವ ಹಾಗೆ, ‘ತಕೋ ಅಜ್ಜಿ, ನಿಂದು’ ಅನ್ನಿ.

ಇತಿ ನಿಮ್ಮ ಮತದಾರ,
ಒಬ್ಬ ನಿವೃತ್ತ ರಾಜ್ಯಶಾಸ್ತ್ರ ಮಾಸ್ತರ,
ಅಂಕೋಲಾ ತಾಲೂಕು